ಒಟ್ಲು ಹಾಕುವ ಮೊದಲೇ ನೀರಿನ ಲೆಕ್ಕ ತಿಳಿಯಬೇಕು: ಕಾವೇರಿ ಕೊಳ್ಳದೊಳಗಿನ ಹಂಚಿಕೆಯ ಬಗ್ಗೆ ಚರ್ಚೆ

ಕೊನೆಭಾಗದ ರೈತ, ಮಳವಳ್ಳಿ

ಕಾವೇರಿ ಎಂದ ಕೂಡಲೇ ನಮ್ಮ ಮಾತು ಗಡಿಯಲ್ಲಿ ನದಿಯ ನೀರು ಅಳೆಯುವ ಬಿಳಿಗುಂಡ್ಲುವಿಗೆ ಹೋಗಿ ನಿಲ್ಲುತ್ತದೆ. ತಮಿಳುನಾಡಿಗೆ ಎಷ್ಟು ಹರಿಯಬೇಕಿತ್ತು, ಎಷ್ಟು ಹರಿಯಿತು ಎಂಬುದನ್ನು ದಿನಪತ್ರಿಕೆ ಓದುವ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ನಮ್ಮ ಪಾಲಿಗೆ ಉಳಿದ ನೀರು ನಮ್ಮೊಳಗೇ ಹೇಗೆ ಹಂಚಿಕೆಯಾಗಬೇಕು, ಮಳೆ ಕೈಕೊಟ್ಟ ವರ್ಷ ಯಾರ ಪಾಲು ಮೊದಲು ಇಳಿಯಬೇಕು, ಅದನ್ನು ಯಾವ ತಾರೀಖಿನೊಳಗೆ ರೈತನಿಗೆ ತಿಳಿಸಬೇಕು ಎಂಬುದನ್ನು ಬರೆದಿಟ್ಟ, ಊರಿನ ಚಾವಡಿಯಲ್ಲಿ ಕೂತು ಓದಬಹುದಾದ ಒಂದು ಕಟ್ಟಳೆಯನ್ನು ನಾನು ಇದುವರೆಗೆ ಕಂಡಿಲ್ಲ. ಈ ಒಂದು ವಿಷಯಕ್ಕಾಗಿ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನಮ್ಮ ಮೂರು ಎಕರೆ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿದೆ. 2023ರ ಮುಂಗಾರಿನಲ್ಲಿ ನಾಲೆಗೆ ನೀರು ಬಿಡುತ್ತಾರೆ ಎಂಬ ಮಾತನ್ನು ನಂಬಿ ಒಟ್ಲು (ಭತ್ತದ ಸಸಿಮಡಿ) ಹಾಕಿದೆವು. ಸಸಿ ನಾಟಿಗೆ ಬಂದಾಗ ನೀರು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಬರತೊಡಗಿತು. ನಮ್ಮ ತೂಬಿನವರೆಗೆ ಅದು ತಲುಪುವಷ್ಟರಲ್ಲಿ ಸರದಿಯೇ ಮುಗಿದುಹೋಗುತ್ತಿತ್ತು. ಕಚೇರಿಗೆ ಹೋಗಿ ಕೇಳಿದರೆ, ಮೇಲಿನಿಂದ ಆದೇಶ ಬರಬೇಕು ಎಂದರು. ನೀರುಗಂಟಿಯನ್ನು ಬೈದು ಫಲವಿಲ್ಲ, ಅವನಿಗೂ ಆ ದಿನದ ಬೆಳಗಿನವರೆಗೆ ಏನೂ ಗೊತ್ತಿರಲಿಲ್ಲ. ಸಸಿ ಬಲಿತು ಹೋಯಿತು. ಜುಲೈ ತಿಂಗಳಲ್ಲೇ ಈ ಬಾರಿ ಭತ್ತಕ್ಕೆ ನೀರಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರೆ ರಾಗಿ ನಾಟಿ ಮಾಡಿ ಒಂದಷ್ಟು ಚೀಲ ಮನೆಗೆ ತಂದುಕೊಳ್ಳುತ್ತಿದ್ದೆವು. ನೀರು ಕಡಿಮೆಯಾದದ್ದಕ್ಕಿಂತಲೂ ಕಡಿಮೆಯಾಗುತ್ತದೆಂದು ತಡವಾಗಿ ತಿಳಿದದ್ದು ನಮ್ಮನ್ನು ಹೆಚ್ಚು ಕೆಡಿಸಿತು.

ಇನ್ನೊಂದು ಸಂಗತಿ ಮನಸ್ಸನ್ನು ಕೊರೆಯುತ್ತದೆ. ಬೆಂಗಳೂರಿಗೆ ಹೋಗುವ ಕಾವೇರಿ ನೀರು ಶುದ್ಧೀಕರಣಗೊಳ್ಳುವುದು ನಮ್ಮದೇ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಶಿವ ಅಣೆಕಟ್ಟಿನಿಂದ ನೆಟ್ಕಲ್ ಸಮತೋಲನ ಜಲಾಶಯಕ್ಕೆ, ಅಲ್ಲಿಂದ ತೊರೆಕಾಡನಹಳ್ಳಿಗೆ, ಮುಂದೆ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ ಸುಮಾರು ನೂರು ಕಿಲೋಮೀಟರ್ ದೂರದ ನಗರಕ್ಕೆ ಆ ನೀರು ಏರುತ್ತದೆ. ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂಬುದರಲ್ಲಿ ನನಗೆ ತಕರಾರಿಲ್ಲ. ನಗರದ ಪಾಲು ವರ್ಷಕ್ಕೆ ಎಷ್ಟು, ಬೇಸಿಗೆಗೆಂದು ಅದರಲ್ಲಿ ಎಷ್ಟನ್ನು ಜಲಾಶಯದಲ್ಲಿ ಕಾಯ್ದಿರಿಸಲಾಗಿದೆ ಎಂಬುದನ್ನು ಮುಂಗಾರಿನ ಮೊದಲೇ ಪ್ರಕಟಿಸಿ, ಅದನ್ನು ಕಳೆದು ಉಳಿದದ್ದರಲ್ಲಿ ನಮ್ಮ ಬೆಳೆ ಯಾವುದೆಂದು ನಾವೇ ತೀರ್ಮಾನಿಸಿಕೊಳ್ಳಲು ಬಿಡಿ ಎಂಬುದಷ್ಟೇ ನನ್ನ ಬೇಡಿಕೆ. ತಿಳಿದವರು ಅಭಿಪ್ರಾಯ ನೀಡಬೇಕೆಂದು ಕೋರುತ್ತೇನೆ.

ನಿವೃತ್ತ ನೀರಾವರಿ ಎಂಜಿನಿಯರ್, ಮೈಸೂರು

ಮಾನ್ಯರೇ, ತಾವು ಕೇಳಿರುವುದು ಸರಿಯಾದ ಪ್ರಶ್ನೆ. ಉತ್ತರಿಸುವ ಮೊದಲು ಲೆಕ್ಕಗಳನ್ನು ಒಂದೆಡೆ ಇಡುವುದು ಅಗತ್ಯ, ಏಕೆಂದರೆ ಟಿಎಂಸಿ (ನೂರು ಕೋಟಿ ಘನ ಅಡಿ), ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ ಹರಿವು), ದಶಲಕ್ಷ ಲೀಟರ್ ಎಂದು ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಮಾತನಾಡುವುದರಿಂದ ಅರ್ಧ ಜಗಳ ಅಲ್ಲಿಯೇ ಹುಟ್ಟಿಕೊಳ್ಳುತ್ತದೆ.

ಕಾವೇರಿ ಜಲವಿವಾದ ನ್ಯಾಯಮಂಡಳಿಯು 2007ರ ಫೆಬ್ರುವರಿ 5ರ ಅಂತಿಮ ತೀರ್ಪಿನಲ್ಲಿ ಸಾಮಾನ್ಯ ವರ್ಷವೊಂದಕ್ಕೆ 740 ಟಿಎಂಸಿ ಎಂದು ಹಿಡಿದು, ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ನೀಡಿತು. 10 ಟಿಎಂಸಿಯನ್ನು ಪರಿಸರಕ್ಕೆಂದೂ 4 ಟಿಎಂಸಿಯನ್ನು ಅನಿವಾರ್ಯವಾಗಿ ಸಮುದ್ರ ಸೇರುವ ನೀರೆಂದೂ ಬಿಟ್ಟಿತು. ಸುಪ್ರೀಂ ಕೋರ್ಟು 2018ರ ಫೆಬ್ರುವರಿ 16ರಂದು ನಮ್ಮ ಪಾಲನ್ನು 284.75ಕ್ಕೆ ಏರಿಸಿತು. ಹೆಚ್ಚುವರಿ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಸಂಬಂಧಿಸಿದ್ದು. ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು. ಇದಕ್ಕೆ ತಿಂಗಳುವಾರು ಪಟ್ಟಿಯಿದೆ: ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76, ಹೀಗೆ ಇಳಿಯುತ್ತಾ ಫೆಬ್ರುವರಿಯಿಂದ ಮೇ ತನಕ ತಿಂಗಳಿಗೆ 2.5 ಟಿಎಂಸಿ. ಮಳೆ ಕಡಿಮೆಯಾದ ವರ್ಷ ಎಲ್ಲರ ಪಾಲೂ ಅದೇ ಅನುಪಾತದಲ್ಲಿ ಇಳಿಯಬೇಕು ಎಂಬುದು ತೀರ್ಪಿನಲ್ಲಿದೆ. ರಾಜ್ಯ ರಾಜ್ಯಗಳ ನಡುವೆ ಹೀಗೆ ಪಟ್ಟಿ, ಪ್ರಾಧಿಕಾರ, ನಿಯಂತ್ರಣ ಸಮಿತಿ ಎಲ್ಲವೂ ಇರುವಾಗ ರಾಜ್ಯದೊಳಗೆ ಆ ಬಿಗಿಯ ಪಟ್ಟಿಯೊಂದು ಏಕಿಲ್ಲ ಎಂಬುದು ತಮ್ಮ ಪ್ರಶ್ನೆಯ ತಿರುಳು ಎಂದು ಭಾವಿಸುತ್ತೇನೆ.

ನಮ್ಮಲ್ಲಿ ಕಾವೇರಿ ಕೊಳ್ಳದ ನಾಲ್ಕು ಪ್ರಮುಖ ಜಲಾಶಯಗಳಿವೆ. ಕೆಆರ್‌ಎಸ್ 49.45, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.5, ಒಟ್ಟು ಸುಮಾರು 114.5 ಟಿಎಂಸಿ. ನಮ್ಮ ವಾರ್ಷಿಕ ಪಾಲಿಗೂ ಬಿಳಿಗುಂಡ್ಲುವಿನ ಬಾಧ್ಯತೆಗೂ ಹೋಲಿಸಿದರೆ ಈ ಸಂಗ್ರಹ ತೀರ ಸಣ್ಣದು. ಆದ್ದರಿಂದ ಹಿಂದಿನ ವರ್ಷದ ನೀರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಅವಕಾಶ ಬಹಳ ಕಡಿಮೆ. ಪ್ರತಿ ಮುಂಗಾರಿಗೂ ಹೊಸದಾಗಿ ಲೆಕ್ಕ ಆರಂಭಿಸಬೇಕು. 2023ರಲ್ಲಿ ಆಗಸ್ಟ್ ಕೊನೆಗೆ ದಿನಕ್ಕೆ 5,000 ಕ್ಯುಸೆಕ್‌ನಂತೆ 15 ದಿನ ನೀರು ಬಿಡುವ ಆದೇಶ ಬಂದಾಗ ರಾಜ್ಯವೇ ಕದಡಿಹೋಯಿತು. 11,574 ಕ್ಯುಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ, ಆದ್ದರಿಂದ ಆ ಆದೇಶದ ಮೊತ್ತ ಸುಮಾರು ಆರೂವರೆ ಟಿಎಂಸಿ. ಎರಡೇ ವರ್ಷಗಳ ನಂತರ, 2025ರಲ್ಲಿ, ಕೆಆರ್‌ಎಸ್ ಜೂನ್ ತಿಂಗಳಲ್ಲೇ ತುಂಬಿತು. ಅಣೆಕಟ್ಟಿನ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಇಷ್ಟು ಏರಿಳಿತವಿರುವ ನದಿಯಲ್ಲಿ ಸರಾಸರಿಯನ್ನು ನಂಬಿ ಯೋಜನೆ ಮಾಡಲಾಗದು. ಕೆಟ್ಟ ವರ್ಷದ ಯೋಜನೆಯನ್ನು ಒಳ್ಳೆಯ ವರ್ಷದಲ್ಲೇ, ಯಾರಿಗೂ ಕೋಪವಿಲ್ಲದ ಹೊತ್ತಿನಲ್ಲಿ, ಬರೆದಿಡಬೇಕು.

ಅಪಾರ್ಟ್‌ಮೆಂಟ್ ನಿವಾಸಿ, ಬೆಂಗಳೂರು ಪೂರ್ವ

ನಾನು ನಗರಕ್ಕೆ ನಂತರ ಸೇರಿದ 110 ಹಳ್ಳಿಗಳ ವ್ಯಾಪ್ತಿಯಲ್ಲಿ ವಾಸಿಸುತ್ತೇನೆ. 2024ರ ಬೇಸಿಗೆಯಲ್ಲಿ ನಮ್ಮ ಕಟ್ಟಡದ ಎರಡೂ ಕೊಳವೆಬಾವಿಗಳು ಬತ್ತಿದ್ದವು. ಟ್ಯಾಂಕರಿಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ಕಾಯುತ್ತಿದ್ದೆವು. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆಯವರಿದ್ದಾರೆ, ಅವರ ಸ್ನಾನದ ನೀರನ್ನು ಅಳೆದು ಕೊಡಬೇಕಾಗಿ ಬಂದದ್ದನ್ನು ನಾನು ಮರೆಯುವಂತಿಲ್ಲ. ಆ ವರ್ಷದ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಸಂತೋಷಪಟ್ಟೆವು ಎಂಬುದನ್ನು ಮುಚ್ಚಿಡುವುದಿಲ್ಲ.

ಮಳವಳ್ಳಿಯ ಹಿರಿಯರ ಬರಹ ಓದಿದ ಮೇಲೆ ಲೆಕ್ಕ ಹಾಕಿ ನೋಡಿದೆ. ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್. ವರ್ಷಕ್ಕೆ ಅದು ಸರಿಸುಮಾರು 10 ಟಿಎಂಸಿ. ಮೊದಲಿನ ನಾಲ್ಕು ಹಂತಗಳ 145 ಕೋಟಿ ಲೀಟರ್ ಸೇರಿಸಿದರೆ ವರ್ಷಕ್ಕೆ 28 ಟಿಎಂಸಿಗೂ ಮೇಲೆ. ಒಂದು ಎಕರೆ ಭತ್ತಕ್ಕೆ ನಾಟಿಯಿಂದ ಕೊಯ್ಲಿನವರೆಗೆ ಗದ್ದೆಯಲ್ಲಿ 1,200 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ ಒಂದು ಟಿಎಂಸಿಯಲ್ಲಿ ಸುಮಾರು 5,800 ಎಕರೆ ಬೆಳೆಯಬಹುದು. ಹಾಗಾದರೆ ಐದನೇ ಹಂತವೊಂದೇ ಐವತ್ತೆಂಟು ಸಾವಿರ ಎಕರೆ ಭತ್ತದ ನೀರು. ಈ ಸಂಖ್ಯೆ ಕಾಗದದ ಮೇಲೆ ಬಂದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಬೇಕು.

ನಿವೃತ್ತ ನೀರಾವರಿ ಎಂಜಿನಿಯರ್, ಮೈಸೂರು

ಸಹೋದರಿಯವರೇ, ಗುಣಾಕಾರ ಸರಿಯಾಗಿದೆ. ಎರಡು ಮಾತುಗಳನ್ನು ಮಾತ್ರ ಸೇರಿಸುತ್ತೇನೆ. ಭತ್ತದ 5,800 ಎಕರೆ ಎಂಬುದು ಗದ್ದೆಯ ಬಾಯಲ್ಲಿ ಅಳೆದ ಲೆಕ್ಕ. ನಾಲೆಯಲ್ಲಿ ಸೋರುವುದನ್ನು ಕಳೆದರೆ ಎಕರೆಗಳು ಇನ್ನೂ ಕಡಿಮೆಯಾಗುತ್ತವೆ, ಬಿದ್ದ ಮಳೆಯನ್ನು ಕೂಡಿದರೆ ಹೆಚ್ಚಾಗುತ್ತವೆ. ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ನಗರ ಎತ್ತಿಕೊಂಡ ನೀರೆಲ್ಲವೂ ಮುಗಿದುಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ನಿಜವಾಗಿ ಖರ್ಚಾಗುವುದು ಶೇ 20ರಷ್ಟು, ಉಳಿದದ್ದು ಹಿಂತಿರುಗುತ್ತದೆ ಎಂಬ ಎಣಿಕೆಯ ಮೇಲೆಯೇ ಆ 4.75 ಟಿಎಂಸಿ ನಿಂತಿದೆ. ಅಂದರೆ ಕಾಗದದ ಮೇಲೆ ನಗರದ ಖಾತೆಗೆ ಬೀಳುವುದು ಎತ್ತಿದ್ದರ ಐದನೇ ಒಂದು ಭಾಗ ಮಾತ್ರ.

ಆದರೆ ನೆಲದ ಮೇಲೆ ನಡೆಯುವುದನ್ನು ನೋಡಿ. ಬೆಂಗಳೂರು ಒಂದು ದಿಣ್ಣೆಯ ಮೇಲಿರುವ ಊರು. ವೃಷಭಾವತಿ ಕಣಿವೆಯ ಕೊಳಚೆ ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಕಾವೇರಿಗೆ ಹಿಂತಿರುಗುತ್ತದೆ, ಅದು ಎಂತಹ ನೀರೆಂಬುದು ಬೇರೆ ವಿಷಯ. ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಇಳಿಯುತ್ತದೆ. ಅದು ಕಾವೇರಿಯ ಕೊಳ್ಳವಲ್ಲ. ಅಲ್ಲಿ ಇಳಿದ ನೀರು ಕಾವೇರಿಗೆ ಎಂದಿಗೂ ಮರಳುವುದಿಲ್ಲ. ಹೀಗಿರುವಾಗ ಹಿಂತಿರುಗುವ ನೀರನ್ನು ನಗರದ ಯಾವ ಕಣಿವೆಯಲ್ಲಿ ಎಷ್ಟು ಎಂದು ಅಳೆದು ವರ್ಷ ವರ್ಷ ಪ್ರಕಟಿಸದೆ ಕೊಳ್ಳದ ಯೋಜನೆ ಪೂರ್ಣವಾಗುವುದು ಹೇಗೆ?

ಕೆರೆಯಂಗಳದ ರೈತ, ಕೋಲಾರ

ಮರಳದ ನೀರು ಎಂದು ಹಿರಿಯರು ಬರೆದದ್ದು ನಮ್ಮ ಕೆರೆಗಳ ನೀರು. ಆದ್ದರಿಂದ ಉತ್ತರಿಸುವುದು ನನ್ನ ಕರ್ತವ್ಯ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ, ಸಾವಿರದ ಐನೂರು ಅಡಿ ಕೊರೆದು ಕೈಸುಟ್ಟುಕೊಂಡ ರೈತರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ದಿನಕ್ಕೆ 40 ಕೋಟಿ ಲೀಟರ್ ಹರಿಸಿ ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವುದು ಅದರ ಗುರಿ. ನಮ್ಮ ಸುತ್ತಿನ ಬಾವಿಗಳಲ್ಲಿ ನೀರು ಮೇಲೆ ಬಂದಿದೆ, ಟೊಮೆಟೊ ಹಾಕುವವರು ಹೆಚ್ಚಿದ್ದಾರೆ. ಅದೇ ಹೊತ್ತಿನಲ್ಲಿ, ಈ ನೀರು ಎರಡನೇ ಹಂತದ ಸಂಸ್ಕರಣೆಗೆ ಮಾತ್ರ ಒಳಗಾಗಿದೆ, ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ನಾವು ಕೇಳುತ್ತಲೇ ಇದ್ದೇವೆ. ನಮ್ಮ ಮಕ್ಕಳು ಕುಡಿಯುವುದು ಆ ಕೆರೆಗಳ ಪಕ್ಕದ ಕೊಳವೆಬಾವಿಗಳ ನೀರನ್ನು.

ಮಳವಳ್ಳಿಯವರ ನೀರು ಬೆಂಗಳೂರಿನ ಮೂಲಕ ನಮ್ಮ ಕೆರೆಗೆ ಬಂದಿದೆ ಎಂದು ನಾನು ಹಿಂದೆ ಹೀಗೆ ಯೋಚಿಸಿರಲಿಲ್ಲ. ಲೆಕ್ಕವನ್ನು ಪ್ರಕಟಿಸಿದರೆ ನಮಗೆ ನಷ್ಟವಾಗಬಹುದು, ಆದರೂ ಅದನ್ನು ಪ್ರಕಟಿಸಬೇಕು ಎಂದೇ ಹೇಳುತ್ತೇನೆ. ನಗರವು ಈ ನೀರನ್ನು ತಾನೇ ಚೆನ್ನಾಗಿ ಶುದ್ಧೀಕರಿಸಿ ಉದ್ಯಾನ, ಕಟ್ಟಡ ನಿರ್ಮಾಣ, ಕೈಗಾರಿಕೆಗಳಿಗೆ ಬಳಸಿಕೊಂಡು ಕಾವೇರಿಯಿಂದ ಅಷ್ಟು ಕಡಿಮೆ ಎತ್ತಲಿ ಎಂದು ಯಾರಾದರೂ ಹೇಳಿದರೆ ಅದೂ ನ್ಯಾಯವೇ. ನಮಗೆ ಎಷ್ಟು, ಎಷ್ಟು ವರ್ಷ, ಯಾವ ಗುಣಮಟ್ಟದ್ದು ಬರುತ್ತದೆ ಎಂಬ ಖಾತರಿ ಮಾತ್ರ ನಮಗೂ ಮೊದಲೇ ಬೇಕು.

ಕಾಫಿ ಬೆಳೆಗಾರ, ಕೊಡಗು

ಒಂದೇ ಮಾತು. ಹಂಚಿಕೆಯ ಯಾವ ಪಟ್ಟಿಯಲ್ಲೂ ನೀರು ಹುಟ್ಟುವ ಜಾಗದ ಹೆಸರಿರುವುದಿಲ್ಲ. ನಮ್ಮ ಗದ್ದೆಗಳು ಮುಂಗಾರಿನಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸಿ ನೆಲಕ್ಕೆ ಇಳಿಸುತ್ತಿದ್ದವು. ಭತ್ತ ಗಿಟ್ಟದೆ ಅವು ಪಾಳುಬಿದ್ದಿವೆ, ಕೆಲವು ಕಡೆ ಮಣ್ಣು ತುಂಬಿ ನಿವೇಶನಗಳಾಗಿವೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ನಾವು ಸಹ ತೋಡಿನ ನೀರನ್ನು ಪಂಪ್ ಹಾಕಿ ಕಾಫಿಗೆ ಹಾರಿಸುತ್ತೇವೆ, ಅದು ಕೆಳಗಿನವರ ಬೇಸಿಗೆಯ ಹರಿವಿಗೆ ಹೊಡೆತವೆಂದು ಬಲ್ಲೆ. ಗದ್ದೆ ಉಳಿಸಿಕೊಳ್ಳುವ ಬೆಳೆಗಾರನಿಗೆ ಎಕರೆಗೆ ಇಷ್ಟು ಎಂದು ಕೊಳ್ಳದ ಖರ್ಚಿನಲ್ಲಿ ಕೊಡುವ ಒಂದು ಏರ್ಪಾಡನ್ನೂ ಈ ಯೋಜನೆಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ರೈತ ಮಹಿಳೆ, ಮದ್ದೂರು

ಮಳವಳ್ಳಿಯ ಅಣ್ಣನವರು ಬರೆದದ್ದು ನಮ್ಮ ಮನೆಯ ಕಥೆಯೂ ಹೌದು. ಆದರೆ ನಾವು ನಮ್ಮ ಕಡೆಯ ತಪ್ಪನ್ನೂ ಹೇಳಬೇಕು.

ನಾಲೆಯ ತಲೆಭಾಗದಲ್ಲಿ ಗದ್ದೆಯಿಂದ ಗದ್ದೆಗೆ ನೀರು ಹಾಯುತ್ತಾ ಹಗಲೂ ರಾತ್ರಿ ಹಳ್ಳಕ್ಕೆ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಶ್ವೇಶ್ವರಯ್ಯ ನಾಲೆಗೆ ಇರ್ವಿನ್ ನಾಲೆ ಎಂಬ ಹೆಸರಿದ್ದ ಕಾಲದಲ್ಲಿ ಅಚ್ಚುಕಟ್ಟನ್ನು ಬ್ಲಾಕುಗಳಾಗಿ ಮಾಡಿ, ಭತ್ತ, ಕಬ್ಬು, ಕಡಿಮೆ ನೀರಿನ ಅರೆ ಖುಷ್ಕಿ ಬೆಳೆಗಳನ್ನು ಮೂರು ವರ್ಷದ ಸರದಿಯಲ್ಲಿ ಹಾಕಿಸುತ್ತಿದ್ದರೆಂದು ನಮ್ಮ ಮಾವನವರು ಹೇಳುತ್ತಿದ್ದರು. ಆ ಶಿಸ್ತು ಹೋಗಿ ಈಗ ನೀರು ಸಿಕ್ಕವರೆಲ್ಲ ಭತ್ತ, ಇಲ್ಲವೇ ಕಬ್ಬು ಹಾಕುತ್ತೇವೆ. ಕಬ್ಬು ಹನ್ನೆರಡು ತಿಂಗಳ ಬೆಳೆ, ಅದರ ಮೇಲೆ ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ. ಜೂನ್‌ನಲ್ಲಿ ಮಳೆ ಇಲ್ಲವೆಂದು ಗೊತ್ತಾದರೂ ನಿಂತ ಕಬ್ಬನ್ನು ಕಿತ್ತುಹಾಕಲು ಆಗುವುದಿಲ್ಲ. ಆದ್ದರಿಂದ ಎಂಜಿನಿಯರ್ ಸಾಹೇಬರು ಮಾಡುವ ಯಾವ ಪಟ್ಟಿಯೂ ನಿಂತ ಕಬ್ಬು ಎಷ್ಟು ಎಕರೆ ಎಂಬುದರಿಂದ ಶುರುವಾಗಬೇಕು.

ನಾನು ಎರಡು ವರ್ಷದಿಂದ ಅರ್ಧ ಎಕರೆಯಲ್ಲಿ ಒಟ್ಲು ಹಾಕದೆ, ಗದ್ದೆ ಕೆಸರು ಮಾಡದೆ, ಏರೋಬಿಕ್ ಭತ್ತವನ್ನು ನೇರವಾಗಿ ಬಿತ್ತಿ ನೋಡಿದ್ದೇನೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂಎಎಸ್ 946-1 ತಳಿ. ನೀರು ಕಡಿಮೆ ಸಾಕು, ಅದು ನಿಜ. ಕಳೆ ಮಾತ್ರ ವಿಪರೀತ. ಮೊದಲ ನಲವತ್ತು ದಿನ ಕಳೆ ಕೀಳುವ ಆಳಿನ ಕೂಲಿ ಭತ್ತದ ಲಾಭವನ್ನು ತಿನ್ನುತ್ತದೆ, ಮನೆಯ ಹೆಂಗಸರೇ ಕೂತರೆ ಆ ಕೂಲಿ ಲೆಕ್ಕಕ್ಕೇ ಬರುವುದಿಲ್ಲ. ಕಡಿಮೆ ನೀರಿನ ಬೆಳೆ ಬೆಳೆಯಿರಿ ಎನ್ನುವವರು ಆ ಕೂಲಿಯನ್ನೂ ಯೋಜನೆಯಲ್ಲಿ ಬರೆಯಬೇಕು. ನಾವು ಉಳಿಸಿದ ನೀರಿಗೆ ನಗರ ಹಣ ಕೊಡಬಹುದೇ ಎಂದು ಬೆಂಗಳೂರಿನ ಅಕ್ಕನವರನ್ನು ಕೇಳುತ್ತೇನೆ. ಬೇಡುತ್ತಿಲ್ಲ, ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ಅಪಾರ್ಟ್‌ಮೆಂಟ್ ನಿವಾಸಿ, ಬೆಂಗಳೂರು ಪೂರ್ವ

ಕೊಡಬೇಕು ಎಂದೇ ನನ್ನ ಉತ್ತರ. ಆ ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ನಾವು ತೆತ್ತ ಹಣಕ್ಕೆ ಹೋಲಿಸಿದರೆ, ನೀರಿನ ಬಿಲ್ಲಿನ ಮೇಲೆ ಅದಕ್ಕೆಂದು ಒಂದಿಷ್ಟು ಸೇರಿಸಿದರೆ ನಮ್ಮಂತಹವರಿಗೆ ಹೊರೆಯಾಗದು. ಸಾರ್ವಜನಿಕ ನಲ್ಲಿಯನ್ನು ನಂಬಿದ ಮನೆಗಳನ್ನು ಮಾತ್ರ ಅದರಿಂದ ಹೊರಗಿಡಬೇಕು. ನಮ್ಮ ಕಟ್ಟಡದಲ್ಲಿ ಸಂಸ್ಕರಿಸಿದ ನೀರು ಶೌಚಾಲಯಕ್ಕೂ ಗಿಡಗಳಿಗೂ ಬಳಸಿದ ಮೇಲೆ ಅರ್ಧದಷ್ಟು ಉಳಿದು ಚರಂಡಿಗೆ ಹೋಗುತ್ತದೆ. ಅದನ್ನು ಪಕ್ಕದ ಕಟ್ಟಡ ಕಾಮಗಾರಿಗೆ ಕೊಡಲು ನಾವು ಮುಂದಿನ ಸಭೆಯಲ್ಲಿ ನಿರ್ಣಯ ತರುತ್ತೇವೆ.

ಧರ್ಮಪುರಿಯ ಕನ್ನಡಿಗ

ನಮ್ಮ ತಾತನ ಕಾಲದಿಂದ ನಾವು ತಮಿಳುನಾಡಿನ ಈ ಕಡೆಯವರು. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಹಲ್ಲಿಗೆ ಕಲೆ ಹಿಡಿಸುವ ಫ್ಲೋರೈಡ್ ಹೆಚ್ಚು. ಹೊಗೇನಕಲ್ ಯೋಜನೆಯ ಕಾವೇರಿ ನೀರು ಬಂದ ಮೇಲೆ ಹುಟ್ಟಿದ ನಮ್ಮ ಮನೆಯ ಮಕ್ಕಳ ಹಲ್ಲು ಬೆಳ್ಳಗಿದೆ. ಇಲ್ಲಿಯವರೆಗಿನ ಚರ್ಚೆಯಲ್ಲಿ ಬಿಳಿಗುಂಡ್ಲು ಒಂದು ಬಾಧ್ಯತೆಯಾಗಿ ಮಾತ್ರ ಬಂದಿದೆ. ಅದರಾಚೆ ಇರುವವರೂ ಒಟ್ಲು ಹಾಕಿ ಕಾಯುವವರೇ. ನಮ್ಮ ಮೆಟ್ಟೂರು ಅಣೆಕಟ್ಟನ್ನು ಜೂನ್ 12ಕ್ಕೆ ತೆರೆಯುವುದು ವಾಡಿಕೆ. ತಂಜಾವೂರಿನವರ ಕುರುವೈ, ಅಂದರೆ ಜೂನ್‌ನಲ್ಲಿ ಶುರುವಾಗುವ ಅಲ್ಪಾವಧಿ ಭತ್ತ, ಆ ದಿನವನ್ನು ನಂಬಿದೆ. ಅವರಿಗೆ ಅಕ್ಟೋಬರಿನಿಂದ ಹಿಂಗಾರು ಮಳೆ ಇದೆ ಎಂಬ ಮಾತು ಆಮೇಲೆ ಬರುವ ದೀರ್ಘಾವಧಿಯ ಸಾಂಬಾ ಭತ್ತಕ್ಕೆ ಒಪ್ಪುತ್ತದೆ, ಕುರುವೈಗೆ ಒಪ್ಪುವುದಿಲ್ಲ.

2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ನೆರವಿನಿಂದ ಎರಡೂ ರಾಜ್ಯಗಳ ರೈತರು ಸೇರಿ ಕಾವೇರಿ ಕುಟುಂಬ ಎಂಬ ಸಮಿತಿ ಮಾಡಿಕೊಂಡು ಒಬ್ಬರ ಗದ್ದೆಗೆ ಒಬ್ಬರು ಹೋಗಿ ನೋಡಿದ್ದರು. ಕರ್ನಾಟಕ ತನ್ನೊಳಗಿನ ಪಟ್ಟಿಯನ್ನು ಮುಂಗಾರಿನ ಮೊದಲು ಪ್ರಕಟಿಸಿದರೆ ಕೆಳಗಿನವರೂ ಅದನ್ನು ಓದುತ್ತಾರೆ. ಮೇಲಿನವರು ತಮ್ಮ ಭತ್ತವನ್ನೂ ಕಡಿಮೆ ಮಾಡಿದ್ದಾರೆಂದು ಕಂಡರೆ ಅಲ್ಲಿಯ ರೈತನ ಮನಸ್ಸು ಎಷ್ಟೋ ತಿಳಿಯಾಗುತ್ತದೆ.

ಕೊನೆಭಾಗದ ರೈತ, ಮಳವಳ್ಳಿ

ಎಲ್ಲರಿಗೂ ನಮಸ್ಕಾರ. ನೀರಾವರಿ ಸಲಹಾ ಸಮಿತಿಗೆ ಕೊಡಲೆಂದು ಮನವಿಯ ಕರಡನ್ನು ಬರೆದಿದ್ದೇನೆ. ಪ್ರತಿ ವರ್ಷ ಮೇ ಕೊನೆಗೆ ನಿಂತ ಕಬ್ಬಿನ ಎಕರೆಗಳನ್ನು ನಾಲೆವಾರು ಎಣಿಸಬೇಕು. ಜೂನ್ 30ಕ್ಕೆ ಮತ್ತು ಜುಲೈ 31ಕ್ಕೆ ನಾಲ್ಕೂ ಜಲಾಶಯಗಳ ಒಟ್ಟು ಸಂಗ್ರಹವನ್ನು ನೋಡಿ, ಬೆಂಗಳೂರು, ಮೈಸೂರು, ಮಂಡ್ಯ ಮತ್ತಿತರ ಊರುಗಳ ಮುಂದಿನ ಬೇಸಿಗೆಯ ನೀರನ್ನು ಮೊದಲು ತೆಗೆದಿರಿಸಿ, ಬಿಳಿಗುಂಡ್ಲುವಿನ ಪಾಲನ್ನು ಅದೇ ಹಾಳೆಯಲ್ಲಿ ತೋರಿಸಿ, ಉಳಿದದ್ದು ಭತ್ತಕ್ಕೆ ಸಾಕೇ, ಅರೆ ಖುಷ್ಕಿಗೆ ಮಾತ್ರ ಸಾಕೇ ಎಂದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ನೀರು ಕಡಿಮೆಯಾದಾಗ ತಲೆಭಾಗಕ್ಕೂ ಕೊನೆಭಾಗಕ್ಕೂ ಒಂದೇ ಪ್ರಮಾಣದಲ್ಲಿ ಇಳಿಯಬೇಕು. ನಗರದಿಂದ ಹಿಂತಿರುಗುವ ನೀರಿನ ಕಣಿವೆವಾರು ಅಳತೆ, ಕೊಡಗಿನ ಗದ್ದೆಗಳ ಮಾತು, ನೀರು ಉಳಿಸಿದವರಿಗೆ ನಗರದಿಂದ ಹಣ, ಈ ಮೂರನ್ನೂ ಸೇರಿಸಿದ್ದೇನೆ.

ನಿವೃತ್ತ ನೀರಾವರಿ ಎಂಜಿನಿಯರ್, ಮೈಸೂರು

ಕರಡು ಒಪ್ಪಿಗೆಯಾಗಿದೆ. ಒಂದು ತಿದ್ದುಪಡಿ: ಹೇಮಾವತಿಯ ನೀರನ್ನು ನಾಲ್ಕು ಜಲಾಶಯಗಳ ಒಟ್ಟು ಲೆಕ್ಕದಲ್ಲಿ ಸೇರಿಸುವಾಗ ತುಮಕೂರು ನಾಲೆಯ ಪಾಲನ್ನು ಬೇರೆಯಾಗಿ ತೋರಿಸಬೇಕು. ಹೇಮಾವತಿ ನೀರನ್ನು ಮಾಗಡಿ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಚಾರದಲ್ಲಿ ತುಮಕೂರಿನವರಿಗೂ ಮಾಗಡಿ ಕಡೆಯವರಿಗೂ ಈಗಾಗಲೇ ಮನಸ್ತಾಪವಿದೆ. ಅವರ ಪಾಲು ಮೊತ್ತದಲ್ಲಿ ಅಡಗಿದರೆ ಅವರು ಈ ಹಾಳೆಯನ್ನೇ ನಂಬುವುದಿಲ್ಲ.

ರೈತ ಮಹಿಳೆ, ಮದ್ದೂರು

ಜುಲೈ 31ರ ಪ್ರಕಟಣೆ ಭತ್ತಕ್ಕೆ ತಡವಾಯಿತು, ರಾಗಿಗೆ ತಡವಲ್ಲ. ಆದರೆ ಆ ದಿನ ಭತ್ತ ಬೇಡವೆಂದು ಹೇಳಿದ ಮರುದಿನವೇ ಎಲ್ಲರೂ ರಾಗಿ ಬೀಜ ಕೇಳುತ್ತಾ ರೈತ ಸಂಪರ್ಕ ಕೇಂದ್ರದ ಮುಂದೆ ನಿಲ್ಲುತ್ತಾರೆ. ಬೀಜದ ದಾಸ್ತಾನು ಜುಲೈ 15ಕ್ಕೆ ಮೊದಲೇ ಕೇಂದ್ರದಲ್ಲಿ ಇರಬೇಕು ಎಂಬ ಸಾಲನ್ನೂ ಬರೆಯಿರಿ ಅಣ್ಣ.

ಕೊನೆಭಾಗದ ರೈತ, ಮಳವಳ್ಳಿ

ಎರಡೂ ಸಾಲುಗಳನ್ನು ಸೇರಿಸಿದ್ದೇನೆ. ಮೊದಲ ಪ್ರಕಟಣೆಯ ದಿನವನ್ನು ಜೂನ್ 30ರಿಂದ ಜೂನ್ 20ಕ್ಕೆ ತಂದಿದ್ದೇನೆ, ನಮ್ಮ ಕಡೆ ದೀರ್ಘಾವಧಿ ತಳಿಗೆ ಒಟ್ಲು ಹಾಕುವುದು ಆ ವಾರದಲ್ಲೇ.